ದಿವಾಡಿಯ ಖಾಜಣ ಗದ್ದೆಗೆ ಕೊರ್ಗುಟ್ ಭತ್ತ ಹಾಕಿದ ನನ್ನ ಅನುಭವ

ನಮ್ಮೂರು ಕುಮಟಾ ಹತ್ರ, ಅಘನಾಶಿನಿ ದಂಡೆ. ಹಂಗಾಗಿ ಗೋವಾದ ದಿವಾಡಿಯಲ್ಲಿ ಎರಡು ಎಕರೆ ಖಾಜಣ ಗದ್ದೆ ಮಾಡಕ್ಕೆ ಸಿಕ್ಕಾಗ ಹೊಸದು ಅನ್ನಿಸ್ಲೇ ಇಲ್ಲ, ಹೊಳೆ ದಂಡೆಯ ತಗ್ಗು ಗದ್ದೆ, ನಮ್ಮ ಗಜನಿನೇ ಇದು. ಮಾಂಡವಿ ನದಿಯ ಉಪ್ಪುನೀರು ಒಳಗೆ ಬರದಂಗೆ ಮಣ್ಣಿನ ಕಟ್ಟೆ, ಕಟ್ಟೆಯಲ್ಲಿ ಮರದ ಬಾಗಿಲು, ಇಳಿತ ಬಂದ್ರೆ ತಾನೇ ತೆರೀತದೆ, ಭರತ, ಅಂದ್ರೆ ಉಬ್ಬರ, ಬಂದ್ರೆ ತಾನೇ ಮುಚ್ಕೊಳ್ತದೆ. ನಾವು ಜಂತ್ರಡಿ ಅಂತೀವಿ, ಇಲ್ಲಿಯವರು ಮಾನಸ್ ಅಂತಾರೆ.

ಮೊದಲೆರಡು ವರ್ಷ ಎಲ್ಲರ ಹಾಗೆ ಜಯಾ ಭತ್ತ ಹಾಕಿದೆ. 1968ರಲ್ಲಿ ಬಂದ ಗಿಡ್ಡ ತಳಿ ಅದು, ಯೂರಿಯಾ ಕೊಟ್ರೆ ಚೆನ್ನಾಗಿ ತೆನೆ ಕಟ್ಟತ್ತೆ, ಮೊದಲ ವರ್ಷ ಎಕರೆಗೆ 18 ಕ್ವಿಂಟಾಲ್ ಬಂತು, ಮಷಿನ್ನಲ್ಲೇ ಕಟಾವೂ ಆಯ್ತು. ಎರಡನೇ ವರ್ಷ ಸೆಪ್ಟೆಂಬರ್ ಹುಣ್ಣಿಮೆ ಭರತಕ್ಕೆ ಕಟ್ಟೆ ಒಂದು ಮಾರು ಕುಸೀತು. ಮೂರು ದಿನ ಉಪ್ಪುನೀರು ನಿಂತಿತ್ತು. ವಾರದೊಳಗೆ ಎಲೆ ತುದಿ ಬೆಂಕಿ ತಾಗಿದಂಗೆ ಬೆಳ್ಳಗಾಗಿ, ತೆನೆ ಹಿಸುಕಿದ್ರೆ ಬರೀ ಜೊಳ್ಳು. ಅಳು ಬಂದಿತ್ತು ನಂಗೆ.

ಕಟ್ಟೆ ಕುಸಿದದ್ದು ಏಡಿ ಬಿಲದಿಂದ. ಮೊದಲು ಗಾಂವ್ಕಾರಿ, ಅಂದ್ರೆ ಊರ ಜಮೀನು ಊರಿನೋರೇ ಸೇರಿ ನೋಡ್ಕೊಳ್ಳೋ ವ್ಯವಸ್ಥೆ, ಇದ್ದಾಗ ಊರಿನೋರೆಲ್ಲ ಸೇರಿ ಮಳೆಗಾಲಕ್ಕೆ ಮೊದಲೇ ಕಟ್ಟೆಗೆ ಮಣ್ಣು ಮೆತ್ತುತ್ತಿದ್ರಂತೆ, ಈಗ ಟ್ರ್ಯಾಕ್ಟರ್ ಒಂದಿನ, ಕಟಾವು ಮಷಿನ್ ಒಂದಿನ, ಅಷ್ಟೇ, ನಡುವೆ ಗದ್ದೆಗೆ ಇಳಿಯೋರೇ ಇಲ್ಲ ಅಂದ್ಮೇಲೆ ಬಿಲ ಯಾರು ನೋಡ್ತಾರೆ? ಮಷಿನ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಮೇಲಿನ ಗದ್ದೆಗೆ ಈಗಲೂ ಜಯಾನೇ ಹಾಕ್ತೀನಿ. ಆದ್ರೆ ಖಾಜಣದಲ್ಲಿ ಭತ್ತಕ್ಕಿಂತ ಮೊದಲು ಕಟ್ಟೆ.

ಪಕ್ಕದ ಮನೆ ವಯಸ್ಸಾದ ಹೆಂಗಸೊಬ್ಬರು ಒಂದು ಬುಟ್ಟಿ ಕೊರ್ಗುಟ್ ಬೀಜ ಕೊಟ್ರು. ನಮ್ಮ ಕಗ್ಗ ಭತ್ತದ ಥರಾನೇ, ಉಪ್ಪು ತಡೆಯೋ ತಳಿ, ಕಾಳಿಗೆ ಉದ್ದ ಮೀಸೆ. ಗೋವಾ ಧನ್ 1, ಗೋವಾ ಧನ್ 2 ಅಂತ ಸಂಶೋಧನಾ ಕೇಂದ್ರದವರು ತಂದ ತಳಿಗಳೂ ಈ ಕೊರ್ಗುಟ್‌ನಿಂದಲೇ ಆರಿಸಿದ್ದು. ಮಳೆ ಚೆನ್ನಾಗಿ ಹಿಡಿದು ಗದ್ದೆ ಉಪ್ಪು ತೊಳೆದು ಹೋಗೋವರೆಗೆ ಕಾದೆ, ದಿನಾ ನೀರು ನಾಲಿಗೆಗೆ ಹಚ್ಚಿ ನೋಡ್ತಿದ್ದೆ. ಸಪ್ಪೆ ಆದ ಮೇಲೆ ಬೀಜ ಒಂದು ರಾತ್ರಿ ನೆನೆಸಿ, ಗೋಣಿಚೀಲದಲ್ಲಿ ಕಟ್ಟಿ, ಮೇಲೆ ಹುಲ್ಲು ಮುಚ್ಚಿ ಕಲ್ಲು ಹೇರಿಟ್ಟೆ. ಎರಡು ದಿನಕ್ಕೆ ಚೀಲದೊಳಗೆ ಕೈ ಹಾಕಿದ್ರೆ ಬಿಸಿ, ಬಿಳಿ ಮೊಳಕೆ ಬಂದಿತ್ತು. ಕೆಸರಿಗೆ ನೇರ ಎರಚಿದೆ.

ಎದೆ ಮಟ್ಟ ಬೆಳೆದು ಮಲಗಿಬಿಡ್ತು, ಮಷಿನ್ ಕೆಸರಿಗೆ ಇಳಿಯಲೇ ಇಲ್ಲ. ಹಾವೇರಿ ಕಡೆಯ ಅಕ್ಕಂದಿರು ಕುಡುಗೋಲಲ್ಲಿ ಕೊಯ್ದರು, "ಅಣ್ಣಾರ, ಇಷ್ಟ್ ಕೆಸರ ನಮ್ಮೂರಾಗ ನೋಡಿಲ್ರಿ" ಅಂತಿದ್ರು. ಕೂಲಿ ಜಾಸ್ತಿ ಆಯ್ತು, ಬಂದದ್ದು ಎಕರೆಗೆ 9 ಕ್ವಿಂಟಾಲ್. ಗೊಬ್ಬರದ ಖರ್ಚಿಲ್ಲ, ಮತ್ತೆ ಆ ವರ್ಷವೂ ಎರಡು ದಿನ ಉಪ್ಪುನೀರು ಬಂದಿತ್ತು, ಪೈರು ಸಾಯ್ಲಿಲ್ಲ.

ಈಗ ಆರು ಮನೆಯವರು ಭಾನುವಾರ ಬೆಳಿಗ್ಗೆ ಕಟ್ಟೆ ಮೇಲೆ ನಡೆದು ಬಿಲ ಮುಚ್ಚುತ್ತೀವಿ. ಬೀಜ ಕೇಳಿದೋರಿಗೆ ದುಡ್ಡು ಬೇಡ, ಭಾನುವಾರ ಕಟ್ಟೆಗೆ ಬನ್ನಿ ಅಂತೀನಿ.