ಮೇಲೆ ಒತ್ತಾಗಿ, ಕೆಳಗೆ ವಿರಳವಾಗಿ: ಬರೆಯ ಮೆಶ್‌ಗೆ ನೋಡ್ ಹಂಚುವುದು ಹೇಗೆ?

ಜೂನ್ ತಿಂಗಳ ಮೊದಲ ಜೋರು ಮಳೆ ಬಿದ್ದ ಮರುದಿನ ಮನೆ ಹಿಂದಿನ ಬರೆಗೆ, ಅಂದರೆ ಗುಡ್ಡದ ಇಳಿಜಾರಿನ ಮಣ್ಣಿಗೆ, ಗುದ್ದಲಿ ಹಾಕಿ ನೋಡಿ. ಮೇಲಿನ ಒಂದು ಗೇಣು ಮಣ್ಣು ಕಡುಗೆಂಪು, ಕೈಗೆ ಅಂಟುವಷ್ಟು ಒದ್ದೆ. ಅದರ ಕೆಳಗೆ ಗೆರೆ ಎಳೆದ ಹಾಗೆ ಬಣ್ಣ ಬದಲಾಗುತ್ತದೆ. ಒಳಗಿನ ಮಣ್ಣು ಇನ್ನೂ ಪುಡಿ ಪುಡಿ. ಎರಡು ಮೂರು ಮೀಟರ್ ಕೆಳಗಿನ ಮಣ್ಣಿಗೆ ಮಳೆಯ ಸುದ್ದಿಯೇ ಮುಟ್ಟಿರುವುದಿಲ್ಲ.

2018ರ ಆಗಸ್ಟ್‌ನ ಭೂಕುಸಿತ ಆದಮೇಲೆ ಕೊಡಗಿನಲ್ಲಿ ಬರೆ ಎಂದರೆ ಎದೆ ಧಸಕ್ಕೆನ್ನುತ್ತದೆ. ಮಳೆ ನೀರು ಬರೆಯೊಳಗೆ ಹೇಗೆ ಇಳಿಯುತ್ತದೆ ಎಂದು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಲು ಹೊರಟವರಿಗೆ ಮೊದಲು ಎದುರಾಗುವ ಕೆಲಸವೇ ಮೆಶ್. ಮಣ್ಣನ್ನು ಸಣ್ಣ ತುಂಡುಗಳಾಗಿ ಭಾಗ ಮಾಡುವುದು. ತುಂಡುಗಳ ಮೂಲೆಯ ಬಿಂದುವೇ ನೋಡ್.

ನಾನು ಮೊದಲ ಸಲ, ಬಂಡೆಯವರೆಗಿನ 4 ಮೀಟರ್ ಆಳವನ್ನು ಸುಮ್ನೆ 40 ಸೆಂಟಿಮೀಟರಿನ 10 ತುಂಡು ಮಾಡಿದ್ದೆ. ಒದ್ದೆ, ಒಣ ಎರಡೂ ಮೊದಲ ತುಂಡಿನೊಳಗೇ ಸೇರಿಹೋದವು. ನೀರಿನ ಒತ್ತಡದ ಗೆರೆ ಇಳಿಯುವ ಬದಲು ಮೇಲೆ ಕೆಳಗೆ ಹೊಯ್ದಾಡಿತು. ಹಾಗಂತ ಎಲ್ಲ ಕಡೆ 10 ಸೆಂಟಿಮೀಟರ್ ಇಟ್ಟರೆ 40 ತುಂಡು. ಅಡ್ಡಕ್ಕೂ ಹಾಗೇ ಮಾಡಿದರೆ 1600. ಮೇಲೆ ಸಣ್ಣದು, ಕೆಳಗೆ ಹೋದಂತೆ ದೊಡ್ಡದು ಮಾಡಿದರೆ ಆಯಿತಲ್ವಾ? ಅದರ ಲೆಕ್ಕ ಗುಣೋತ್ತರ ಶ್ರೇಢಿಯಷ್ಟೇ.

ಮೊದಲು ಮೇಲಿನ ಅಂತರ, ಅಂದರೆ ಮೊದಲ ತುಂಡಿನ ಉದ್ದ, ತೀರ್ಮಾನ ಮಾಡಿ. ಇದನ್ನು ಸಾಫ್ಟ್‌ವೇರ್‌ಗೆ ಬಿಡಬೇಡಿ, ಗುದ್ದಲಿ ತೋರಿಸಿದ ಗೆರೆಯನ್ನು ನೋಡಿ ನೀವೇ ಹೇಳಿ. ಒದ್ದೆ ಒಂದು ಗೇಣು ಇದ್ದರೆ ಅರ್ಧ ಗೇಣು, ಅಂದರೆ 10 ಸೆಂಟಿಮೀಟರ್. ಇದಕ್ಕಿಂತ ತೀರಾ ಜಾಸ್ತಿ ಬೇಡ.

ಆಮೇಲೆ ಗುಣಕ. ಪ್ರತಿ ಅಂತರ ಹಿಂದಿನದರ ಎಷ್ಟು ಪಟ್ಟು ಇರಬೇಕು ಎನ್ನುವುದು ಇದು. ನಾನು 1.2 ಇಡುತ್ತೇನೆ. ಅಕ್ಕಪಕ್ಕದ ತುಂಡುಗಳ ಅಳತೆ ಒಮ್ಮೆಲೇ ಹಾರಿದರೆ ಉತ್ತರದ ನಿಖರತೆ ಕೆಡುತ್ತದೆ.

ಈಗ ಎಷ್ಟು ಅಂತರ ಬೇಕು? ಒಟ್ಟು ಉದ್ದವನ್ನು ಮೊದಲ ಅಂತರದಿಂದ ಭಾಗಿಸಿ: 400 ÷ 10 = 40. ಗುಣಕದಲ್ಲಿ 1 ಕಳೆದರೆ 0.2. ಎರಡನ್ನೂ ಗುಣಿಸಿದರೆ 8, ಅದಕ್ಕೆ 1 ಕೂಡಿಸಿದರೆ 9. ಇನ್ನು 9ರ ಲಾಗ್ ಅನ್ನು 1.2ರ ಲಾಗ್‌ನಿಂದ ಭಾಗಿಸಿ. 12.05 ಬರುತ್ತದೆ. ತುಂಡು ಅರೆಬರೆ ಇರಲು ಆಗುವುದಿಲ್ಲ, ಹಾಗಾಗಿ 12.

ಎಕ್ಸೆಲ್‌ನಲ್ಲಿ ಒಂದು ಕಾಲಂ ಮಾಡಿ: 10, 12, 14.4, 17.28... ಹೀಗೆ 12 ಸಾಲು. ಕೊನೆಯದು 74.3. ಕೂಡಿಸಿದರೆ 395.8. ಬಂಡೆ ಮುಟ್ಟಲು 4.2 ಸೆಂಟಿಮೀಟರ್ ಕಡಿಮೆ! ಆ ಬಾಕಿಯನ್ನು ಕೊನೆಯ ತುಂಡಿಗೆ ಅಂಟಿಸುವವರಿದ್ದಾರೆ. ಬಾಕಿ ದೊಡ್ಡದಾದಾಗ ಅಲ್ಲಿ ಗುಣಕ ಕೆಡುತ್ತದೆ, ಆ ಅಭ್ಯಾಸವೇ ಬೇಡ. ಎಲ್ಲವನ್ನೂ 400 ÷ 395.8, ಅಂದರೆ ಸುಮಾರು 1.0106ರಿಂದ ಗುಣಿಸಿ. ಮೊದಲ ಅಂತರ 10.1 ಆಗುತ್ತದೆ, ಗುಣಕ 1.2 ಹಾಗೇ ಉಳಿಯುತ್ತದೆ. ಮೊದಲ ಅಂತರ ಕರಾರುವಾಕ್ಕಾಗಿ 10 ಇರಲೇಬೇಕು ಎಂದರೆ ಗುಣಕವನ್ನೇ ಸ್ವಲ್ಪ ಅಲುಗಿಸಬೇಕು. 1.2 ಇಟ್ಟರೆ ಮೊತ್ತ 400ಕ್ಕೆ ಸಾಲದು, 1.21 ಇಟ್ಟರೆ 421 ದಾಟುತ್ತದೆ. ನಡುವೆ ಹುಡುಕುತ್ತಾ ಹೋದರೆ 1.2017ರಲ್ಲಿ ಸರಿ ಕೂರುತ್ತದೆ. ಎಕ್ಸೆಲ್‌ನ ಗೋಲ್ ಸೀಕ್ ಇದನ್ನು ಕ್ಷಣದಲ್ಲಿ ಮಾಡುತ್ತದೆ. ಗುಣಕ 1 ಆದರೆ ಮಾತ್ರ ಸೂತ್ರದಲ್ಲಿ ಸೊನ್ನೆಯಿಂದ ಭಾಗಿಸಿದಂತಾಗುತ್ತದೆ. ಆಗ ಉದ್ದವನ್ನು ಸಮನಾಗಿ ಹಂಚಿದರೆ ಸಾಕು.

ಜೀಮೆಶ್‌ನಂಥ ಉಚಿತ ಸಾಫ್ಟ್‌ವೇರ್‌ಗೆ ಕೊಡುವಾಗ ಎರಡು ಕಡೆ ಎಡವುತ್ತೇವೆ. ಗೆರೆಯನ್ನು ಹೇಗೆ ಭಾಗ ಮಾಡಬೇಕು ಎಂದು ಹೇಳುವ ಟ್ರಾನ್ಸ್‌ಫೈನೈಟ್ ಆದೇಶದಲ್ಲಿ ಅದು ಕೇಳುವುದು ನೋಡ್‌ಗಳ ಸಂಖ್ಯೆ. ಬೇಲಿಗೆ 12 ಅಂಕಣ ಬೇಕಾದರೆ 13 ಕಂಬ ನೆಡುತ್ತೇವಲ್ಲ, ಹಾಗೆ 13 ಬರೆಯಿರಿ. ಇನ್ನೊಂದು, ಗೆರೆಯ ದಿಕ್ಕು. ಬರೆಯ ಮೇಲಿನಿಂದ ಕೆಳಗೆ ಎಳೆದಿದ್ದರೆ ಸರಿ. ಕೆಳಗಿನಿಂದ ಎಳೆದಿದ್ದರೆ ಸಣ್ಣ ತುಂಡುಗಳೆಲ್ಲ ಬಂಡೆಯ ಹತ್ತಿರ ಹೋಗಿ ಕೂರುತ್ತವೆ. ಗೆರೆಯ ಸಂಖ್ಯೆಗೆ ಮೈನಸ್ ಹಾಕಿದರೆ ತಿರುಗುತ್ತದೆ.

ಆದರೆ ನಮ್ಮ ಬರೆಗಳಲ್ಲಿ ಇನ್ನೊಂದು ವಿಷಯ ಇದೆ. ನಾಲ್ಕಾರು ದಿನ ಬಿಡದೆ ಸುರಿದರೆ ನೀರು ಇಳಿದು ಬಂಡೆಯ ಮೇಲೆ ನಿಲ್ಲಬಹುದು. ಜಾರುವುದು ಅಲ್ಲಿಂದಲೂ ಶುರುವಾಗಬಹುದು. ಆಗ ಎರಡೂ ತುದಿ ಒತ್ತಾಗಿರಬೇಕು. ಗೆರೆಯನ್ನು ನಡುವೆ, 200 ಸೆಂಟಿಮೀಟರ್‌ಗೆ ಕತ್ತರಿಸಿ. ಮೇಲಿನ ಅರ್ಧಕ್ಕೆ ಅದೇ ಲೆಕ್ಕ ಮಾಡಿದರೆ 8.83 ಬರುತ್ತದೆ, 9 ಇಡಿ. ಮೊತ್ತ 208 ಆಗುತ್ತದೆ, 200ಕ್ಕೆ ಇಳಿಸಿದರೆ ಮೊದಲ ಅಂತರ 9.6. ಅದನ್ನೇ ಕನ್ನಡಿಯಲ್ಲಿ ಕಂಡಂತೆ ಕೆಳಗೆ ತಿರುಗಿಸಿ ಇಡಿ. ಒಟ್ಟು 18 ಅಂತರ, 19 ನೋಡ್.