ಬ್ರಿಟನ್ ವಿಶ್ವವಿದ್ಯಾಲಯಗಳಲ್ಲಿ ಲ್ಯಾಬ್ ಕೆಲಸ: ನಾನು ಅರ್ಜಿ ಹಾಕುವ ಕ್ರಮ

ಬ್ರಿಟನ್ನಿನ ಸಂಶೋಧನಾ ಹುದ್ದೆಗಳು ಬಹುಪಾಲು ಜಾಬ್ಸ್ ಡಾಟ್ ಎಸಿ ಡಾಟ್ ಯುಕೆ ತಾಣದಲ್ಲಿ ಸಿಗುತ್ತವೆ. ಟೆಕ್ನಿಷಿಯನ್ ಹುದ್ದೆಗಳು ಎಷ್ಟೋ ಸಲ ಆಯಾ ವಿಶ್ವವಿದ್ಯಾಲಯದ ಪುಟದಲ್ಲೇ ಉಳಿದುಬಿಡುವುದರಿಂದ ಎರಡೂ ಕಡೆ ಕಣ್ಣಿಟ್ಟಿರುತ್ತೇನೆ. 'ಪೋಸ್ಟ್‌ಡಾಕ್' (ಪಿಎಚ್‌ಡಿ ನಂತರದ ಸಂಶೋಧನಾ ಹುದ್ದೆ) ಎಂದಷ್ಟೇ ಹುಡುಕಿದರೆ ಬಹಳಷ್ಟು ಕೈತಪ್ಪುತ್ತವೆ. ರಿಸರ್ಚ್ ಅಸೋಸಿಯೇಟ್, ರಿಸರ್ಚ್ ಫೆಲೋ, ಪಿಡಿಆರ್‌ಎ (ಪೋಸ್ಟ್‌ಡಾಕ್ಟೋರಲ್ ರಿಸರ್ಚ್ ಅಸೋಸಿಯೇಟ್), ಹೀಗೆ ಹೆಚ್ಚುಕಡಿಮೆ ಒಂದೇ ಕೆಲಸಕ್ಕೆ ಒಂದೊಂದು ಕಡೆ ಒಂದೊಂದು ಹೆಸರು. ಉಪಕರಣ ನೋಡಿಕೊಳ್ಳುವವರು 'ಎಕ್ಸ್‌ಪೆರಿಮೆಂಟಲ್ ಆಫೀಸರ್' ಎಂದೂ ಹುಡುಕಬೇಕು.

ಜಾಹೀರಾತಿಗೂ ಮುಂಚೆ ಸುಳಿವು ಬೇಕಾದರೆ ಸಂಶೋಧನೆಗೆ ಸರ್ಕಾರಿ ಅನುದಾನ ಹಂಚುವ ಸಂಸ್ಥೆ ಯುಕೆಆರ್‌ಐನ ಗೇಟ್‌ವೇ ಟು ರಿಸರ್ಚ್ ತಾಣ ನೋಡಿ. ಯಾರಿಗೆ ಯಾವ ಅನುದಾನ ಬಂತು, ಯಾವಾಗ ಶುರು, ಯಾವಾಗ ಮುಕ್ತಾಯ, ಎಲ್ಲ ಅಲ್ಲಿರುತ್ತದೆ. ಈಗಷ್ಟೇ ಶುರುವಾದ ಯೋಜನೆಗೆ ಜನ ಬೇಕಾಗಿರುವ ಸಾಧ್ಯತೆ ಹೆಚ್ಚು.

ಅರ್ಜಿ ಗೆಲ್ಲುವುದೂ ಸೋಲುವುದೂ ಸಪೋರ್ಟಿಂಗ್ ಸ್ಟೇಟ್‌ಮೆಂಟ್‌ನಲ್ಲಿ, ಅಂದರೆ ಹುದ್ದೆಗೆ ನಾವು ಹೇಗೆ ತಕ್ಕವರೆಂದು ವಿವರಿಸುವ ಬರಹದಲ್ಲಿ. ಸಿವಿ ಎಷ್ಟೇ ಚೆನ್ನಾಗಿದ್ದರೂ ಅದರ ಬದಲಿಗೆ ನಿಲ್ಲುವುದಿಲ್ಲ. ಹುದ್ದೆಯ ವಿವರದ ಜೊತೆ 'ಪರ್ಸನ್ ಸ್ಪೆಸಿಫಿಕೇಶನ್' ಎಂಬ ಪಟ್ಟಿ ಇರುತ್ತದೆ: ಎಸೆನ್ಷಿಯಲ್ (ಇರಲೇಬೇಕಾದ ಅರ್ಹತೆ) ಕೆಲವು, ಡಿಸೈರಬಲ್ (ಇದ್ದರೆ ಒಳ್ಳೆಯದು) ಕೆಲವು. ಆಯ್ಕೆ ಸಮಿತಿ ಆ ಪಟ್ಟಿ ಹಿಡಿದುಕೊಂಡೇ ಓದುತ್ತದೆ. ಎಸೆನ್ಷಿಯಲ್ ಒಂದಕ್ಕೆ ಪುರಾವೆ ಸಿಗದಿದ್ದರೆ ಅಲ್ಲಿಗೆ ಮುಗಿಯಿತು. ಅದಕ್ಕೇ ನಾನು ಪಟ್ಟಿಯ ಪದಗಳನ್ನೇ ಉಪಶೀರ್ಷಿಕೆ ಮಾಡಿ, ಅದೇ ಕ್ರಮದಲ್ಲಿ, ಪ್ರತಿಯೊಂದರ ಕೆಳಗೆ ಮೂರು ನಾಲ್ಕು ಸಾಲು ಬರೆಯುತ್ತೇನೆ.

'ಎಲ್‌ಸಿ-ಎಂಎಸ್ ಅನುಭವ' (ದ್ರಾವಣದ ಘಟಕಗಳನ್ನು ಬೇರ್ಪಡಿಸಿ ಗುರುತಿಸುವ ಯಂತ್ರದ್ದು) ಕೇಳಿದ್ದಾರೆ ಎನ್ನಿ. 'ನನಗೆ ವ್ಯಾಪಕ ಅನುಭವವಿದೆ' ಎಂದರೆ ಅಂಕ ಸಿಗದು. ಯಾವ ಮಾದರಿಯ ಯಂತ್ರ, ವಾರಕ್ಕೆ ಎಷ್ಟು ಸ್ಯಾಂಪಲ್, ಯಂತ್ರದೊಳಗಿನ ಒತ್ತಡ ಏರಿದಾಗ ಮೊದಲು ಗಾರ್ಡ್ ಕಾಲಮ್ (ಮುಖ್ಯ ಕಾಲಮ್‌ಗೆ ಮುಂಚೆ ಕೊಳೆ ತಡೆಯುವ ಭಾಗ) ಬಿಚ್ಚಿ ನೋಡಿದಿರೋ ಇಲ್ಲವೋ, ಸರ್ವಿಸ್ ಇಂಜಿನಿಯರನ್ನು ಕರೆಯದೆ ನೀವೇ ಏನೇನು ಸರಿಮಾಡಬಲ್ಲಿರಿ, ಎಷ್ಟು ವಿದ್ಯಾರ್ಥಿಗಳಿಗೆ ಕಲಿಸಿದಿರಿ, ಅದನ್ನು ಬರೆಯಿರಿ. ಟೆಕ್ನಿಕಲ್ ಹುದ್ದೆಗೆ ಪೇಪರ್‌ಗಳ ಪಟ್ಟಿಗಿಂತ ಇದೇ ತೂಕ. ನಮ್ಮ ಕಡೆಯ ಅರ್ಜಿಗಳಲ್ಲಿ ಸುರಕ್ಷತೆಯ ಮಾತೇ ಬರುವುದಿಲ್ಲ. ಅಲ್ಲಿ ಕಾಶ್ (ರಾಸಾಯನಿಕಗಳ ನಿಯಮ) ಮತ್ತು ರಿಸ್ಕ್ ಅಸೆಸ್‌ಮೆಂಟ್ ಬಗ್ಗೆ ಸಂದರ್ಶನದಲ್ಲೂ ಕೇಳುತ್ತಾರೆ.

ಪಿಎಚ್‌ಡಿ ಥೀಸಿಸ್ ಸಲ್ಲಿಸಿ ವೈವಾಗೆ (ಮೌಖಿಕ ಪರೀಕ್ಷೆಗೆ) ಕಾಯುತ್ತಿರುವವರೂ ಅರ್ಜಿ ಹಾಕಬಹುದು. ಪದವಿ ಸಿಗುವವರೆಗೆ ಎಷ್ಟೋ ಕಡೆ ರಿಸರ್ಚ್ ಅಸಿಸ್ಟೆಂಟ್ ದರ್ಜೆಯಲ್ಲಿಟ್ಟು, ಆಮೇಲೆ ಅಸೋಸಿಯೇಟ್ ಮಾಡುತ್ತಾರೆ. ಪಿಎಚ್‌ಡಿ ಪದವಿ ಸಿಕ್ಕಿದೆ ಎಂಬ ವಿಶ್ವವಿದ್ಯಾಲಯದ ನೋಟಿಫಿಕೇಶನ್ ಕೈಗೆ ಬಂದ ದಿನವೇ ಎಚ್‌ಆರ್‌ಗೆ ಕಳಿಸಿ, ತಡಮಾಡಿದಷ್ಟೂ ಸಂಬಳದಲ್ಲಿ ನಷ್ಟ.

ಕೊನೆಯ ದಿನಾಂಕದ ರಾತ್ರಿ 11:59 ಎಂದಿದ್ದರೆ ನಮ್ಮಲ್ಲಿ ಮರುದಿನ ಬೆಳಗ್ಗೆ, ಬ್ರಿಟನ್ನಿನ ಬೇಸಿಗೆಯಲ್ಲಿ 4:29, ಚಳಿಗಾಲದಲ್ಲಿ 5:29. ಆದರೆ ಕೆಲವು ಮಧ್ಯಾಹ್ನಕ್ಕೇ ಮುಚ್ಚುತ್ತವೆ, ಇನ್ನು ಕೆಲವು 'ಅರ್ಜಿ ಹೆಚ್ಚಾದರೆ ಮುಂಚೆಯೇ ಮುಚ್ಚುತ್ತೇವೆ' ಎಂದು ಸಣ್ಣಕ್ಷರದಲ್ಲಿ ಹಾಕಿರುತ್ತವೆ.

ವೀಸಾ ಪ್ರಶ್ನೆಯನ್ನು ಅರ್ಜಿಗೆ ಮೊದಲೇ ಕೇಳಿಬಿಡುತ್ತೇನೆ. 2025ರ ಜುಲೈ 22ರಿಂದ ಸ್ಕಿಲ್ಡ್ ವರ್ಕರ್ ವೀಸಾಗೆ, ಕೆಲವು ವಿನಾಯಿತಿ ಬಿಟ್ಟರೆ, ಪದವಿ ಮಟ್ಟದ ಹುದ್ದೆಯೇ ಬೇಕು. ಕೆಳದರ್ಜೆಯ ಟೆಕ್ನಿಷಿಯನ್ ಹುದ್ದೆಗಳು ಇಲ್ಲೇ ಸಿಕ್ಕಿಬೀಳುತ್ತವೆ. '0.6 ಎಫ್‌ಟಿಇ' (ಪೂರ್ಣಾವಧಿ ಕೆಲಸದ ಶೇ 60) ಎಂದರೆ ಸಂಬಳವೂ ಅಷ್ಟೇ ಭಾಗ, ವೀಸಾದ ಕನಿಷ್ಠ ಮೊತ್ತಕ್ಕೆ ಸಾಲದೆ ಹೋಗಬಹುದು. ಕೆಲವು ಸೂಕ್ಷ್ಮ ವಿಷಯಗಳ ಸಂಶೋಧನೆಗೆ ಭಾರತೀಯರಿಗೆ ಬ್ರಿಟಿಷ್ ಸರ್ಕಾರ ಕೊಡುವ ಏಟಾಸ್ ಎಂಬ ಭದ್ರತಾ ಅನುಮತಿಯ ಪ್ರಮಾಣಪತ್ರವೂ ಬೇಕು. ಶುಲ್ಕವಿಲ್ಲ, ಆದರೆ ವಾರಗಟ್ಟಲೆ ಹಿಡಿಯುತ್ತದೆ, ಅದಿಲ್ಲದೆ ವೀಸಾ ಅರ್ಜಿ ಹಾಕುವಂತಿಲ್ಲ. ಕೆಲಸ ಸೇರುವ ದಿನಾಂಕ ಒಪ್ಪಿಕೊಳ್ಳುವಾಗ ಇಷ್ಟೂ ವಾರಗಳನ್ನು ಸೇರಿಸಿ ಲೆಕ್ಕ ಹಾಕಿ.