ಲೇಕ್ ಪೊವೆಲ್ ದಂಡೆಯಲ್ಲಿ ಆರ್‌ವಿ ಕ್ಯಾಂಪಿಂಗ್: ಮರಳು, ನೀರು, ಗಾಳಿಯ ಲೆಕ್ಕ

ಅಮೆರಿಕದ ಅರಿಜೋನಾ–ಯೂಟಾ ಗಡಿಯಲ್ಲಿ ಕೊಲರಾಡೊ ನದಿಗೆ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಅಡ್ಡ ನಿಂತು ಆದ ಹಿನ್ನೀರೇ ಲೇಕ್ ಪೊವೆಲ್. 1963ರಲ್ಲಿ ನೀರು ನಿಲ್ಲತೊಡಗಿತು, ಕೆರೆ ಮೊದಲ ಸಲ ತುಂಬಿದ್ದು 1980ರಲ್ಲಿ. ಅಣೆಕಟ್ಟಿನ ಪಕ್ಕದ ಊರು ಪೇಜ್. ಅದರ ಹತ್ತಿರ ಆರ್‌ವಿ (ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಮನೆಗಾಡಿ) ನಿಲ್ಲಿಸಲು ಎರಡು ಮುಖ್ಯ ಜಾಗಗಳಿವೆ, ಎರಡಕ್ಕೂ ಅಜಗಜಾಂತರ. ಅರಿಜೋನಾ ಬದಿಯ ವಾವೀಪ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಗಟ್ಟಿ ನೆಲ, ಕರೆಂಟು, ನಲ್ಲಿ, ಒಳಚರಂಡಿ ಎಲ್ಲ ಇದೆ. ಮುಂಗಡ ಬುಕಿಂಗ್ ಬೇಕು. ಯೂಟಾ ಬದಿಯ ಲೋನ್ ರಾಕ್ ಬರೀ ಮರಳು ದಂಡೆ. ಗೆರೆ ಎಳೆದ ಸೈಟುಗಳಿಲ್ಲ, ಗಾಡಿಯ ಪಕ್ಕದಲ್ಲಿ ನಲ್ಲಿಯೂ ಪ್ಲಗ್ಗೂ ಇಲ್ಲ; ಎದುರಿಗೆ ಮಾತ್ರ ಒಂಟಿ ಬಂಡೆಯ ಆ ನೋಟ.

ಮೊದಲ ಸಲ ಹೋಗುವವರು ವಾವೀಪ್‌ನಲ್ಲೇ ಇಳಿದುಕೊಂಡು, ಕೊನೆಯ ಒಂದು ರಾತ್ರಿಯನ್ನಷ್ಟೇ ಲೋನ್ ರಾಕ್‌ಗೆ ಇಟ್ಟುಕೊಳ್ಳುವುದು ಒಳ್ಳೆಯದು. ಬ್ಯಾಟರಿ ಭರ್ತಿ, ಶುದ್ಧ ನೀರಿನ ಟ್ಯಾಂಕ್ ಭರ್ತಿ, ಕೊಳೆ ಟ್ಯಾಂಕ್‌ಗಳು ಖಾಲಿ ಇರುವಾಗ ಮರಳಿಗೆ ಹೋದರೆ ಅರ್ಧ ತಾಪತ್ರಯ ತಪ್ಪುತ್ತದೆ.

ಕಾಲ: ಏಪ್ರಿಲ್ ಕೊನೆಯಿಂದ ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಜುಲೈನಲ್ಲಿ ಮಧ್ಯಾಹ್ನ 36–38 ಡಿಗ್ರಿ ಸೆಲ್ಸಿಯಸ್ ಮಾಮೂಲು. ಕರೆಂಟಿಲ್ಲದ ಕಡೆ ಆಗ ಆರ್‌ವಿಯೊಳಗೆ ಮಕ್ಕಳನ್ನು ಮಲಗಿಸುವುದು ಕಷ್ಟ. ಚಳಿಗಾಲದ ರಾತ್ರಿಗಳಲ್ಲಿ ಪೈಪಿನ ನೀರು ಹೆಪ್ಪುಗಟ್ಟುತ್ತದೆ.

ದಾರಿ: ಲಾಸ್ ವೇಗಸ್‌ನಲ್ಲಿ ಬಾಡಿಗೆ ಗಾಡಿ ಹಿಡಿದು ಬರುವವರು ನಕ್ಷೆ ತೋರಿಸಿತೆಂದು ಜಯಾನ್ ರಾಷ್ಟ್ರೀಯ ಉದ್ಯಾನದೊಳಗೆ ನುಗ್ಗಬೇಡಿ. ಅಲ್ಲಿಯ 1930ರ ಸುರಂಗ ಕಾರುಗಳ ಕಾಲದ್ದು. 11 ಅಡಿ 4 ಅಂಗುಲಕ್ಕಿಂತ ಎತ್ತರದ, 7 ಅಡಿ 10 ಅಂಗುಲಕ್ಕಿಂತ ಅಗಲದ ಗಾಡಿ ಅದರಲ್ಲಿ ತನ್ನ ಲೇನ್‌ನಲ್ಲಿ ಹಿಡಿಯುವುದಿಲ್ಲ. ಮೋಟರ್‌ಹೋಮ್‌ಗಳು, ಅಂದರೆ ತಮ್ಮದೇ ಎಂಜಿನ್ ಇರುವ ಆರ್‌ವಿಗಳು, ಸಾಮಾನ್ಯವಾಗಿ ಎರಡೂ ಅಳತೆ ಮೀರಿರುತ್ತವೆ. ಹರಿಕೇನ್, ಫ್ರೆಡೋನಿಯಾ, ಕನಾಬ್ ಮೂಲಕ ಬಂದು ಹೆದ್ದಾರಿ 89 ಹಿಡಿಯಿರಿ. ಕನಾಬ್‌ನಲ್ಲೇ ಪೆಟ್ರೋಲು, ದಿನಸಿ ಮುಗಿಸಿ. ಅಲ್ಲಿಂದ ಪೇಜ್‌ಗೆ ಸುಮಾರು 74 ಮೈಲಿ, ನಡುವೆ ನಂಬುವಂಥ ಅಂಗಡಿಗಳಿಲ್ಲ.

ಮರಳು

ಲೋನ್ ರಾಕ್‌ನಲ್ಲಿ ಆಗುವ ಅನಾಹುತಗಳಲ್ಲಿ ಹೆಚ್ಚಿನವು ಚಕ್ರ ಹೂತುಹೋಗುವುದು. ಕಾರಣ ಬಂಡೆಯಲ್ಲೇ ಇದೆ. ಆ ಒಂಟಿ ಬಂಡೆ ಎಂಟ್ರಾಡಾ ಮರಳುಗಲ್ಲು. ಸುಮಾರು 16 ಕೋಟಿ ವರ್ಷಗಳ ಹಿಂದೆ ಗಾಳಿ ಒಟ್ಟಿದ ಮರಳುದಿಬ್ಬಗಳು ಕಲ್ಲಾದದ್ದು. ಅದೇ ಕಲ್ಲು ಉದುರಿದಾಗ ಗಾಳಿಯಲ್ಲಿ ಮೊದಲೇ ಉಜ್ಜಿ ದುಂಡಾಗಿದ್ದ ಸಣ್ಣ ಕಣಗಳು ಮತ್ತೆ ಬಿಡಿಯಾಗುತ್ತವೆ. ದುಂಡು ಕಣಗಳು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ಭಾರ ಬಿದ್ದರೆ ಪಕ್ಕಕ್ಕೆ ಜಾರುತ್ತವೆ. 25 ಅಡಿಯ ಸಿ ಕ್ಲಾಸ್ (ವ್ಯಾನಿನ ಮೂತಿಯ) ಮೋಟರ್‌ಹೋಮ್ ತುಂಬಿದಾಗ 5 ಟನ್ನಿನಷ್ಟಿರುತ್ತದೆ, ಹೆಚ್ಚಿನ ಭಾರ ಹಿಂದಿನ ಆಕ್ಸಲ್ ಮೇಲೆ, ಎಂಜಿನ್ ತಿರುಗಿಸುವುದೂ ಹಿಂದಿನ ಚಕ್ರಗಳನ್ನೇ.

ಆದ್ದರಿಂದ ಟಾರು ಮುಗಿಯುವಲ್ಲಿ ಗಾಡಿ ನಿಲ್ಲಿಸಿ ಇಳಿಯಿರಿ, ಹೋಗಬೇಕಾದ ದಾರಿಯನ್ನು ಪೂರ್ತಿ ನಡೆದು ನೋಡಿ. ಹಿಮ್ಮಡಿ ಊರಿದಾಗ 2 ಅಂಗುಲಕ್ಕಿಂತ ಆಳ ಇಳಿದರೆ ಅಲ್ಲಿಗೆ ಗಾಡಿ ಬೇಡ. ಬೇರೆ ಆರ್‌ವಿ ಅಲ್ಲಿ ನಿಂತಿದೆ ಎಂಬುದು ಪುರಾವೆಯಲ್ಲ, ಅದು ಫೋರ್ ವೀಲ್ ಟ್ರಕ್ ಎಳೆದುಕೊಂಡು ಬಂದ ಟ್ರೇಲರ್ ಇರಬಹುದು. ನೀರಂಚಿನ ಒದ್ದೆ ಮರಳು ಗಟ್ಟಿಯಾಗಿ ಕಾಣುತ್ತದೆ; ಮೇಲಿನ ತೆಳು ಪದರ ಒಡೆದರೆ ಕೆಳಗೆ ಕೆಸರು. ಕೆರೆಯ ಮಟ್ಟ ಇಳಿದಷ್ಟೂ ಟಾರಿನಿಂದ ನೀರಿಗೆ ಮರಳಿನ ದೂರ ಹೆಚ್ಚುತ್ತದೆ. ಭರ್ತಿ ಮಟ್ಟ ಸಮುದ್ರಮಟ್ಟದಿಂದ 3,700 ಅಡಿ; 2023ರ ಏಪ್ರಿಲ್‌ನಲ್ಲಿ ಸುಮಾರು 3,520ಕ್ಕೆ ಇಳಿದಿತ್ತು. ಹಳೆಯ ಫೋಟೋ ನೋಡಿ ಜಾಗ ಗುರುತಿಸಿಕೊಂಡು ಹೋಗುವುದರಲ್ಲಿ ಅರ್ಥವಿಲ್ಲ.

ನಿಲ್ಲಿಸುವಾಗ ಮೂತಿ ವಾಪಸ್ ದಾರಿಯ ಕಡೆಗಿರಲಿ. ಜ್ಯಾಕ್‌ಗಳ ಕೆಳಗೆ ಒಂದಡಿ ಚದರದ ದಪ್ಪ ಹಲಗೆ ಇಡಿ, ಇಲ್ಲವಾದರೆ ರಾತ್ರಿ ಕಳೆಯುವುದರೊಳಗೆ ಒಂದು ಮೂಲೆ ಕುಸಿದಿರುತ್ತದೆ. ಮಟ್ಟ ತಪ್ಪಿದರೆ ನಿದ್ದೆಗಷ್ಟೇ ಅಲ್ಲ, ಗ್ಯಾಸಿನಲ್ಲಿ ಓಡುವ ಫ್ರಿಜ್‌ಗೂ ತೊಂದರೆ: ಅಡ್ಡಕ್ಕೆ 3 ಡಿಗ್ರಿ, ಉದ್ದಕ್ಕೆ 6 ಡಿಗ್ರಿಗಿಂತ ವಾಲಿದರೆ ಅದರ ಕೊಳವೆಯೊಳಗಿನ ದ್ರವ ಸರಿಯಾಗಿ ಹರಿಯದೆ ತಂಪು ನಿಲ್ಲುತ್ತದೆ.

ಹೂತೇ ಹೋಯಿತೆನ್ನಿ. ಆಕ್ಸಿಲರೇಟರ್ ಮೇಲಿನ ಕಾಲು ತಕ್ಷಣ ತೆಗೆಯಿರಿ. ಚಕ್ರ ಇನ್ನೆರಡು ಸುತ್ತು ತಿರುಗಿದರೆ ಆಕ್ಸಲ್ ಮರಳಿನ ಮೇಲೆ ಕೂರುತ್ತದೆ. ಎಲ್ಲರನ್ನೂ ಇಳಿಸಿ. ಹಿಂದಿನ ಚಕ್ರಗಳ ಮುಂದೆ ಸಲಿಕೆಯಿಂದ ಇಳಿಜಾರಾಗಿ ಕನಿಷ್ಠ ಮೂರಡಿ ಅಗೆದು, ಹಲಗೆಯನ್ನೋ ಟ್ರ್ಯಾಕ್ಷನ್ ಬೋರ್ಡನ್ನೋ (ಚಕ್ರಕ್ಕೆ ಹಿಡಿತ ಕೊಡುವ ಹಲ್ಲುಹಲ್ಲಿನ ಪಟ್ಟಿ) ಚಕ್ರಕ್ಕೆ ತಾಗಿಸಿ ತುರುಕಿ. ಅತಿ ಕಡಿಮೆ ಗೇರ್‌ನಲ್ಲಿ ನಿಧಾನವಾಗಿ ಹೊರಡಿ, ಹಿಂದೆ ಯಾರೂ ನಿಲ್ಲಬಾರದು. ಬೋರ್ಡ್ ಎಗರಿ ಬರುತ್ತದೆ. ಟೈರಿನ ಗಾಳಿ ಇಳಿಸುವ ಉಪಾಯ ಕಂಪ್ರೆಸರ್ ಇರುವ ಫೋರ್ ವೀಲ್ ಟ್ರಕ್ಕಿನವರಿಗೆ. ಬಾಡಿಗೆ ಮೋಟರ್‌ಹೋಮ್‌ನಲ್ಲಿ ಗಾಳಿ ಇಳಿಸಿ ಹಾಗೆಯೇ ಹೆದ್ದಾರಿಗೆ ಹತ್ತಿದರೆ ಟೈರ್ ಬಿಸಿಯಾಗಿ ಸಿಡಿಯುತ್ತದೆ. ಬಾಡಿಗೆ ಕರಾರನ್ನೂ ಮೊದಲೇ ಓದಿ: ಟಾರು ಬಿಟ್ಟರೆ ವಿಮೆ ಇಲ್ಲ ಎಂದು ಬರೆದಿದ್ದರೆ ವಾವೀಪ್ ಸಾಕು.

ಕರೆಂಟು, ನೀರು, ಟ್ಯಾಂಕ್

30 ಆಂಪಿಯರ್ ಸಂಪರ್ಕವೆಂದರೆ 120 ವೋಲ್ಟಿನಲ್ಲಿ 3,600 ವಾಟ್. ಛಾವಣಿಯ ಎಸಿಗೆ 13 ಆಂಪಿಯರ್, ಮೈಕ್ರೋವೇವ್‌ಗೆ 12, ಕೆಟಲ್‌ಗೆ 12. ಮೂರೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುವುದು ಖಚಿತ. ಲೋನ್ ರಾಕ್‌ನಲ್ಲಿ ಬ್ಯಾಟರಿಯೇ ಗತಿ: 100 ಆಂಪಿಯರ್-ಅವರ್‌ನ ಎರಡು ಲೆಡ್ ಆಸಿಡ್ ಬ್ಯಾಟರಿಗಳಿದ್ದರೂ ಅರ್ಧದಷ್ಟೇ ಬಳಸಬೇಕು. ಚಳಿಯಲ್ಲಿ ಹೀಟರಿನ ಫ್ಯಾನ್ ಒಂದೇ ರಾತ್ರಿಗೆ 30 ಆಂಪಿಯರ್-ಅವರ್ ನುಂಗುತ್ತದೆ.

40 ಗ್ಯಾಲನ್, ಅಂದರೆ 150 ಲೀಟರಿನ ಟ್ಯಾಂಕ್ ನಾಲ್ಕು ಜನಕ್ಕೆ ಹಿಡಿತದಲ್ಲಿದ್ದರೆ ಎರಡು ದಿನ. ಮೈ ಒದ್ದೆ ಮಾಡಿ ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ಬಿಟ್ಟು ತೊಳೆದರೆ ಸ್ನಾನ 10 ಲೀಟರಿನಲ್ಲಿ ಮುಗಿಯುತ್ತದೆ. ಕುಡಿಯಲು ತಲಾ 4 ಲೀಟರ್ ಬೇರೆಯೇ ಕ್ಯಾನಿನಲ್ಲಿರಲಿ. ಬಚ್ಚಲ ನೀರಿನ ಟ್ಯಾಂಕೇ ಮೊದಲು ತುಂಬುತ್ತದೆ, ಅದನ್ನು ಮರಳಿಗೆ ಬಿಡುವುದು ಅಪರಾಧ. ಪಾಯಿಖಾನೆ ಟ್ಯಾಂಕಿನ ಕವಾಟವನ್ನು ಸಂಪರ್ಕವಿದ್ದರೂ ಸದಾ ಮುಚ್ಚಿಡಿ. ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿಯಾದದ್ದು ಗುಡ್ಡೆಗಟ್ಟುತ್ತದೆ. ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆ ಖಾಲಿ ಮಾಡಿ: ಮೊದಲು ಅದು, ಆಮೇಲೆ ಬಚ್ಚಲ ನೀರು, ಪೈಪು ತಾನೇ ತೊಳೆದುಕೊಳ್ಳುತ್ತದೆ. ಕಾಗದದ ಬದಲು ನೀರು ಬಳಸುವ ನಮ್ಮವರ ಟ್ಯಾಂಕ್ ಬೇಗ ತುಂಬುತ್ತದೆ, ಆದರೆ ಕಟ್ಟಿಕೊಳ್ಳುವುದು ಕಡಿಮೆ.

ಅಡುಗೆಗೆ ಕುಕ್ಕರ್ ಒಯ್ಯಿರಿ, ಗ್ಯಾಸೂ ನೀರೂ ಉಳಿಯುತ್ತದೆ. ಊರಿಂದ ತಂದ 230 ವೋಲ್ಟಿನ ಮಿಕ್ಸಿ ಇಲ್ಲಿ ಕೆಲಸಕ್ಕೆ ಬಾರದು. ಚಟ್ನಿ, ಮಸಾಲೆ ಮನೆಯಲ್ಲೇ ರುಬ್ಬಿ ಫ್ರೀಜ್ ಮಾಡಿ. ಒಗ್ಗರಣೆಗೆ ಮುಂಚೆ ಛಾವಣಿಯ ಫ್ಯಾನ್ ಹಾಕಿ ಕಿಟಕಿ ತೆರೆಯಿರಿ, ಇಲ್ಲದಿದ್ದರೆ ಹೊಗೆ ಅಲಾರಂ ಅರಚುತ್ತದೆ. ನೆಲದ ಹತ್ತಿರ ಇರುವುದು ಗ್ಯಾಸ್ ಅಲಾರಂ; ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಅದಕ್ಕೆ ಟೇಪು ಅಂಟಿಸಬೇಡಿ.

ಗಾಳಿ

ವಸಂತದಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಜುಲೈನಿಂದ ಸೆಪ್ಟೆಂಬರ್‌ವರೆಗೆ ಗುಡುಗುಮಳೆಯ ಮುಂಚೆ ಏಕಾಏಕಿ ಬೀಸುತ್ತದೆ. ಬಿಚ್ಚಿದ ಆನಿಂಗ್ (ಗಾಡಿಯ ಪಕ್ಕದ ನೆರಳಿನ ಚಪ್ಪರ) ಹಾಗೇ ಬಿಟ್ಟು ಸುತ್ತಾಡಲು ಹೋಗಬೇಡಿ. ಮುರಿದರೆ ಗೋಡೆಯ ತಗಡನ್ನೂ ಕಿತ್ತುಕೊಂಡು ಹೋಗುತ್ತದೆ.

ನೋಡುವುದು

ಕೆರೆಯ ಸುತ್ತಣ ಬಂಡೆಗಳ ಮೇಲಿನ ಬಿಳಿ ಪಟ್ಟಿ ಹಿಂದೆ ನೀರು ನಿಂತಿದ್ದ ಗುರುತು, ನೀರಿನ ಸುಣ್ಣದಂಶ ಅಂಟಿಕೊಂಡದ್ದು. ಪೂರ್ವದಲ್ಲಿ ಒಂಟಿ ಗುಮ್ಮಟದಂತೆ ಕಾಣುವ ನವಾಹೊ ಪರ್ವತ ಒಳಗಿನಿಂದ ಶಿಲಾಪಾಕ ಉಬ್ಬಿ ಮೇಲಿನ ಪದರಗಳನ್ನು ಎತ್ತಿದ್ದು. ಕನಾಬ್ ಕಡೆಗೆ ಹೆದ್ದಾರಿ ಪಕ್ಕದಲ್ಲೇ ಟೋಡ್‌ಸ್ಟೂಲ್ ಹುಡೂಗಳಿವೆ: ಮೆತ್ತನೆ ಎಂಟ್ರಾಡಾ ಕಂಬದ ಮೇಲೆ ಗಟ್ಟಿ ಡಕೋಟಾ ಕಲ್ಲಿನ ಟೋಪಿ, ಹೋಗಿಬರಲು ಎರಡೂವರೆ ಕಿಲೋಮೀಟರ್. ಪಾರ್ಕಿಂಗ್ ಚಿಕ್ಕದು, ಬೆಳಿಗ್ಗೆಯೇ ಹೋಗಿ. ಕೊಲರಾಡೊ ನದಿ ಕುದುರೆ ಲಾಳದಂತೆ ತಿರುಗುವ ಹಾರ್ಸ್‌ಶೂ ಬೆಂಡ್‌ನಲ್ಲಿ ಬಂಡೆಯ ತುದಿಗೆ ಹೋಗಬೇಡಿ. ಮರಳುಗಲ್ಲಿನ ಅಂಚು ಕಾಲಡಿ ಪುಡಿಯಾಗುತ್ತದೆ, ಕೆಳಗೆ ಸುಮಾರು 1,000 ಅಡಿ.

ಆಂಟಿಲೋಪ್ ಕ್ಯಾನ್ಯನ್ ಮರಳುಗಲ್ಲಿನ ಇಕ್ಕಟ್ಟಾದ ಸೀಳು, ಇಲ್ಲಿಯ ಮೂಲನಿವಾಸಿ ನವಾಹೊ ಬುಡಕಟ್ಟಿನವರ ನೆಲ; ನವಾಹೊ ಗೈಡ್ ಇಲ್ಲದೆ ಪ್ರವೇಶವಿಲ್ಲ. 1997ರ ಆಗಸ್ಟ್ 12ರಂದು ದೂರದಲ್ಲೆಲ್ಲೋ ಸುರಿದ ಮಳೆಯ ನೀರು ಆ ಸೀಳಿನಲ್ಲಿ ನುಗ್ಗಿ 11 ಜನ ಸತ್ತರು. ಗೈಡ್ ಬೇಡವೆಂದರೆ ವಾದಿಸದೆ ಹಿಂತಿರುಗಿ. ಅಲ್ಲಿನ ಟಿಕೆಟ್ ಪಡೆದವರು ಗಡಿಯಾರವನ್ನೂ ಗಮನಿಸಬೇಕು. ಬೇಸಿಗೆಯಲ್ಲಿ ಯೂಟಾ ಮತ್ತು ನವಾಹೊ ನೇಷನ್ (ನವಾಹೊಗಳ ಸ್ವಯಮಾಡಳಿತ ಪ್ರದೇಶ) ಒಂದು ಗಂಟೆ ಮುಂದಿರುತ್ತವೆ, ಪೇಜ್ ಇರುವುದಿಲ್ಲ. ಲೋನ್ ರಾಕ್‌ನಲ್ಲಿ ಮಲಗಿದವರ ಫೋನು ಯಾವ ಟವರ್ ಹಿಡಿಯುತ್ತದೋ ಆ ಸಮಯ ತೋರಿಸುತ್ತದೆ. ಟಿಕೆಟಿನ ಮೇಲಿನ ಸಮಯ ಯಾವ ಕಡೆಯದು ಎಂದು ಕೇಳಿಕೊಂಡು, ಫೋನಿನ ತಾನಾಗಿ ಬದಲಾಗುವ ಗಡಿಯಾರವನ್ನು ನಿಲ್ಲಿಸಿ, ಅದು ಪೇಜ್‌ನ ಸಮಯವಾದರೆ ಫೀನಿಕ್ಸ್ ಸಮಯಕ್ಕೆ ಕೂರಿಸಿ; ಎರಡೂ ಒಂದೇ.